ನಾನು ಪಿಚ್ಚರ್ ಆದದ್ದು

ನನ್ನ ಕ್ರೀಡಾಜೀವನ ಶುರುವಾದಾಗ ನನಗೆ ನಲವತ್ತು ದಾಟಿತ್ತು, ಮಂಡಿ ಆಗಾಗ ಕಟಕ್ ಎನ್ನುತ್ತಿತ್ತು. ಬಹ್ರೇನಿನ ಜಿಂಜ್‌ನಲ್ಲಿರುವ ಒಂದು ಖಾಸಗಿ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ಕೊರೋನಾ ಗಲಾಟೆ ಅಡಗಿ, ಆಸ್ಪತ್ರೆಯವರೂ ಮನುಷ್ಯರೇ ಎಂದು ಆಡಳಿತದವರಿಗೆ ನೆನಪಾದ ಮೇಲೆ, ಚಳಿಗಾಲದ ಒಂದು ಶುಕ್ರವಾರ ನಮ್ಮನ್ನೆಲ್ಲ ಪಾರ್ಕಿಗೆ ಪಿಕ್‌ನಿಕ್ ಕರೆದುಕೊಂಡು ಹೋದರು. ಬಿರಿಯಾನಿ ತಿಂದು ಎಲ್ಲರೂ ಚಾಪೆಗಳ ಮೇಲೆ ಅಲ್ಲಲ್ಲೇ ಒರಗಿದ್ದೆವು. ಆಗ ದೂರದ ಚಾಪೆಯಿಂದ ಐಸಿಯುವಿನ ಹೆಡ್ ನರ್ಸ್ ಕೈ ಎತ್ತಿ, ನನ್ನ ಪಕ್ಕದ ಬುಟ್ಟಿಯಿಂದ ಒಂದು ಕಿತ್ತಳೆ ಬೇಕೆಂದು ಸನ್ನೆ ಮಾಡಿದರು.

ಎದ್ದು ಹೋಗಿ ಕೊಡುವುದು ಮರ್ಯಾದೆ. ಆದರೆ ಹೊಟ್ಟೆಯಲ್ಲಿದ್ದ ಬಿರಿಯಾನಿ ಅದಕ್ಕೆ ಒಪ್ಪಲಿಲ್ಲ. ಅಲ್ಲೇ ಮಂಡಿಯೂರಿ, ಕೈಯನ್ನು ಕೆಳಗಿನಿಂದ ಬೀಸಿ ಹಣ್ಣನ್ನು ಎಸೆದೆ. ಅದು ಮಲಗಿದ್ದ ಅಕೌಂಟ್ಸ್ ವಿಭಾಗವನ್ನು ಪೂರ್ತಿ ದಾಟಿ, ಅವರು ಎತ್ತಿ ಹಿಡಿದಿದ್ದ ಅಂಗೈಗೇ ಹೋಗಿ ಪಟ್ಟೆಂದು ಬಡಿಯಿತು. ಅವರು ಕೈಯನ್ನು ಒಂದಿಷ್ಟೂ ಸರಿಸಬೇಕಾಗಲಿಲ್ಲ.

ಹೆಡ್ ನರ್ಸ್ ಫಿಲಿಪೈನ್ಸ್‌ನವರು. ಗಿಡ್ಡ, ದುಂಡು ಮುಖ, ಸದಾ ನಗು. ಆದರೂ ದೊಡ್ಡ ದೊಡ್ಡ ಸರ್ಜನ್‌ಗಳು ಅವರನ್ನು ಕಂಡರೆ ಶೂ ಕವರ್ ಸರಿಯಾಗಿದೆಯೇ ಎಂದು ಬಗ್ಗಿ ನೋಡಿಕೊಳ್ಳುತ್ತಾರೆ. ಅವರು ಹಣ್ಣನ್ನು ಒಮ್ಮೆ, ತಮ್ಮ ಕೆಂಪಾದ ಅಂಗೈಯನ್ನು ಒಮ್ಮೆ ನೋಡಿ, ಎದ್ದು ನನ್ನ ಹತ್ತಿರವೇ ಬಂದರು.

"ಇದನ್ನು ಎಲ್ಲಿ ಕಲಿತೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕಲಿತದ್ದು ಪುತ್ತೂರಿನಲ್ಲಿ. ನಾವಿದ್ದದ್ದು ಪೇಟೆಯ ಸಾಲುಮನೆಯೊಂದರಲ್ಲಿ, ಎದುರು ಇನ್ನೊಂದು ಸಾಲು, ನಡುವೆ ಒಂದಿಷ್ಟು ಅಂಗಳ. ಅಲ್ಲಿ ರಜೆಯಲ್ಲಿ ಕ್ರಿಕೆಟ್. ಕೈಯನ್ನು ತಲೆಯ ಮೇಲಿಂದ ತಿರುಗಿಸಿ ಬೌಲಿಂಗ್ ಮಾಡಿದರೆ ಬ್ಯಾಟಿಗೆ ಸಿಕ್ಕಿದ ಚೆಂಡು ಎದುರುಮನೆಯ ಹೆಂಚಿಗೆ ಹೋಗುತ್ತಿತ್ತು. ಆ ಮನೆಯ ನಿವೃತ್ತ ಬ್ಯಾಂಕಿನವರು ಹೊರಗೆ ಬಂದು, ಇನ್ನು ಮೇಲೆ ಕೆಳಗಿನಿಂದಲೇ ಎಸೆಯಬೇಕು ಎಂದು ಕಾನೂನು ಮಾಡಿದರು. ಅಣ್ಣಂದಿರು, ದೊಡ್ಡಪ್ಪನ ಮಕ್ಕಳು, ಪಕ್ಕದ ಮನೆಯವರು, ಎಲ್ಲರೂ ಹುಡುಗರು, ನಾನೊಬ್ಬಳೇ ಹುಡುಗಿ. ಎಲ್ಲರಿಗೂ ಬ್ಯಾಟೇ ಬೇಕು. ಚೆಂಡು ನನ್ನ ಪಾಲಿಗೆ ಬಂತು. ಬೆಳಗಿನಿಂದ ಊಟದ ಹೊತ್ತಿನವರೆಗೆ ನಾನು ಎಸೆಯುತ್ತಲೇ ಇರುತ್ತಿದ್ದೆ. ಅವರನ್ನು ಔಟ್ ಮಾಡದೆ ನನಗೆ ಬಿಡುಗಡೆಯಿಲ್ಲ. ಹಾಗಾಗಿ ಬ್ಯಾಟಿನ ಹತ್ತಿರ ಹೋದಾಗ ಚೆಂಡು ತಲೆತಗ್ಗಿಸಿ ಕೆಳಗೆ ಜಾರುವಂತೆ ಮಾಡುವುದು ಹೇಗೆಂದು ನನ್ನ ಬೆರಳುಗಳು ತಾವಾಗಿಯೇ ಕಂಡುಕೊಂಡವು. ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನೆಲ್ಲ ಕೇಳಿದ ಹೆಡ್ ನರ್ಸ್, ತಾನು ಒಂದು ಸಾಫ್ಟ್‌ಬಾಲ್ ತಂಡದ ಕ್ಯಾಪ್ಟನ್ ಎಂದರು. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲ್‌ನ ತಂಗಿ. ಅಮೆರಿಕದವರು ಕ್ಯಾಪ್ಟನ್ನಿನ ಮುತ್ತಜ್ಜನ ಕಾಲದಲ್ಲಿ ಫಿಲಿಪೈನ್ಸ್‌ಗೆ ತಂದು ಬಿಟ್ಟುಹೋದ ಆಟ ಅದು. ಮುತ್ತಜ್ಜನೇ ಊರಿನ ತಂಡದಲ್ಲಿ ಚೆಂಡು ಎಸೆಯುವವನಾಗಿದ್ದನಂತೆ. ಎಸೆಯುವವನಿಗೆ ಪಿಚರ್ ಎಂದು ಹೆಸರು. ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಕೈಯನ್ನು ಕೆಳಗಿನಿಂದಲೇ ಬೀಸಬೇಕು, ಅದೇ ಕಾನೂನು. ನಮ್ಮ ಎದುರುಮನೆಯ ಬ್ಯಾಂಕಿನವರು ಅಂತರರಾಷ್ಟ್ರೀಯ ಮಟ್ಟದವರೆಂದು ನನಗೆ ಗೊತ್ತಾದದ್ದು ಆವತ್ತು.

"ನಮ್ಮ ಪಿಚರ್ ಕಳೆದ ತಿಂಗಳು ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿ ಹೋದಳು. ಶುಕ್ರವಾರ ಬಾ" ಎಂದರು ಕ್ಯಾಪ್ಟನ್. ಐಸಿಯುವಿನಲ್ಲಿ ಡ್ಯೂಟಿ ಹಾಕುವ ಧ್ವನಿ ಅದು. ಹೋದೆ.

ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟಿನಿಂದ ಮೈದಾನಕ್ಕೆ ಕಾರಿನಲ್ಲಿ ಸ್ವಲ್ಪವೇ ಹೊತ್ತು. ಮೈದಾನ ಎಂದರೆ ಹುಲ್ಲಿಲ್ಲ. ಜಲ್ಲಿ ಬೆರೆತ ಮರಳು, ಒಂದು ಬದಿಗೆ ತಂತಿಬೇಲಿ, ಆಚೆಗೆ ಚಹಾದ ಅಂಗಡಿ. ಚೆಂಡು ದೊಡ್ಡ ಮೋಸಂಬಿಯಷ್ಟಿತ್ತು. ಅದಕ್ಕೆ ಮೃದು ಎಂದು ಹೆಸರಿಟ್ಟವರು ಅದನ್ನು ಮುಟ್ಟಿ ನೋಡಿರಲಿಕ್ಕಿಲ್ಲ. ತಂಡದಲ್ಲಿ ಎಲ್ಲರೂ ಫಿಲಿಪೈನ್ಸ್‌ನ ನರ್ಸ್‌ಗಳು, ಎಲ್ಲರೂ ನನಗಿಂತ ಚಿಕ್ಕವರು. ನಿಜವಾದ ಪಿಚರ್‌ಗಳು ಕೈಯನ್ನು ಗಿರಗಟ್ಟೆಯ ಹಾಗೆ ಒಂದು ಪೂರ್ತಿ ಸುತ್ತು ತಿರುಗಿಸಿ ಬಿಡುತ್ತಾರೆ ಎಂದು ಅವರು ತೋರಿಸಿಕೊಟ್ಟರು. ನಾನೂ ತಿರುಗಿಸಿದೆ. ಚೆಂಡು ಕೈಯಿಂದ ಹೊರಟದ್ದು ನಿಜ. ಮುಂದೆ ಎಲ್ಲೂ ಕಾಣಿಸಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ಆಕಾಶ ನೋಡುತ್ತಿದ್ದರು. ಅದು ಬೇಲಿಯಾಚೆ ಚಹಾದ ಅಂಗಡಿಯ ತಗಡಿನ ಮೇಲೆ ಬಿತ್ತು. ಅಂಗಡಿಯ ಮಲಬಾರಿ ಹೊರಗೆ ಬಂದು, ಚೆಂಡನ್ನು ವಾಪಸ್ ಕೊಟ್ಟು, ಎಷ್ಟು ಚಹಾ ಎಂದು ಕೇಳಿದ.

ಚಹಾ ಕುಡಿಯುತ್ತ ಕ್ಯಾಪ್ಟನ್ ಹೇಳಿದರು: "ಗಿರಗಟ್ಟೆ ಬೇಡ. ನಿನಗೆ ಗೊತ್ತಿರುವ ಹಾಗೆಯೇ ಎಸೆ. ಅದಕ್ಕೂ ಕಾನೂನಿನಲ್ಲಿ ಜಾಗವಿದೆ."

ಮನೆಯಲ್ಲಿ ವಿಷಯ ಹೇಳಿದಾಗ ಮಗಳು ಹೋಮ್‌ವರ್ಕಿನಿಂದ ತಲೆ ಎತ್ತಿದಳು. ಒಂಬತ್ತನೇ ಕ್ಲಾಸಿನವಳು. ನಮ್ಮ ಮನೆಯಲ್ಲಿ ಕನ್ನಡವೇ ನಡೆಯುವುದು, ಏಕೆಂದರೆ ನನಗೆ ತುಳು ಮನೆಮಾತು, ಗಂಡ ದಾವಣಗೆರೆಯವರು. ಅವರು 'ಐತೆ' ಎನ್ನುತ್ತಾರೆ, ನಾನು 'ಉಂಟು' ಎನ್ನುತ್ತೇನೆ, ಮಗಳು ಎರಡನ್ನೂ ಬಿಟ್ಟು ಇಂಗ್ಲಿಷ್ ಹಿಡಿದಿದ್ದಾಳೆ.

"ಅಮ್ಮ, ಪ್ಲೀಸ್, ನನ್ನ ಫ್ರೆಂಡ್ಸ್ ಯಾರಿಗೂ ಹೇಳ್ಬೇಡ" ಎಂದಳು.

ಗಂಡ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಶಿಫ್ಟಿನ ಕೆಲಸ, ಕಂಪನಿ ಬಸ್ಸು. ಅವರಿಗೆ ಕ್ರಿಕೆಟ್ ಬಿಟ್ಟರೆ ಉಳಿದದ್ದೆಲ್ಲ ವ್ಯಾಯಾಮ.

"ವಿಕೆಟ್ಟೇ ಇಲ್ಲ ಅಂತೀಯ. ಹಂಗಾದ್ರೆ ಬೌಲ್ಡ್ ಆಗೋದು ಹೆಂಗೆ?" ಎಂದು ಕೇಳಿದರು.

"ಬೌಲ್ಡ್ ಇಲ್ಲ. ಮೂರು ಸ್ಟ್ರೈಕ್ ಆದ್ರೆ ಔಟು."

"ಸ್ಟ್ರೈಕ್ ಅಂದ್ರೆ?"

"ಬ್ಯಾಟ್ ಹಿಡಿದವಳು ಬೀಸಿ ಚೆಂಡು ತಾಗದಿದ್ದರೆ ಒಂದು. ಅವಳ ಮಂಡಿಯಿಂದ ಮೇಲೆ, ಕಂಕುಳಿಂದ ಕೆಳಗೆ, ನೆಟ್ಟಗೆ ಬಂದದ್ದನ್ನು ಬಿಟ್ಟರೂ ಒಂದು. ನೀವು ಎದುರು ನಿಂತು ಹಿಡೀರಿ ಮಾರಾಯ್ರೆ, ಆಮೇಲೆ ಮಾತಾಡುವಾ."

ಹಾಗೆ ಅವರು ನನ್ನ ಅಭ್ಯಾಸದ ಕ್ಯಾಚರ್, ಎಂದರೆ ಈ ಆಟದ ವಿಕೆಟ್ ಕೀಪರ್, ಆದರು. ಸಂಜೆ ಕಟ್ಟಡದ ತಾರಸಿಯ ಮೇಲೆ, ಹಿಂದೆ ಹಳೆಯ ಹಾಸಿಗೆ ನಿಲ್ಲಿಸಿ, ಕೈಗೆ ಓವನ್ನಿನ ಬಿಸಿ ಟ್ರೇ ಎತ್ತುವ ದಪ್ಪ ಗ್ಲೌಸು ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಅದರ ಮೇಲೆ ಸೂರ್ಯಕಾಂತಿ ಹೂವಿನ ಚಿತ್ರವಿತ್ತು. ನಾನು ಹೂವಿಗೆ ಗುರಿಯಿಟ್ಟು ಎಸೆಯುತ್ತಿದ್ದೆ. ಕೆಲವು ದಿನಗಳ ನಂತರ ಒಂದು ಚೆಂಡು, ಹಳೆಯ ಅಭ್ಯಾಸದಂತೆ, ಕೊನೆಯಲ್ಲಿ ತಲೆತಗ್ಗಿಸಿ ಜಾರಿತು. ಹೂವು ಮೇಲಿತ್ತು, ಚೆಂಡು ಕೆಳಗೆ ಹೋಯಿತು, ನಡುವೆ ಗಂಡನ ಕಿರುಬೆರಳಿತ್ತು.

ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮರುದಿನ ನಮ್ಮ ಆಸ್ಪತ್ರೆಗೇ ಬಂದರು. ಎಕ್ಸ್‌ರೇ ತೆಗೆಯಬೇಕಾದವಳು ನಾನೇ.

"ಅಲ್ಲಾಡಬೇಡಿ" ಎಂದೆ.

"ಅಲ್ಲಾಡೋ ಸ್ಥಿತೀಲಿ ಐತಾ ಅದು?" ಎಂದರು.

ಸಣ್ಣ ಬಿರುಕು. ಮೂಳೆಯ ಡಾಕ್ಟರು ಈಜಿಪ್ಟಿನವರು, ಗಂಭೀರ ಮನುಷ್ಯ. ಇದು ಹೇಗಾಯಿತು ಎಂದು ಕೇಳಿದರು. ನನ್ನ ಮಾನ ಉಳಿಸಲು ಗಂಡ, ಬಾಗಿಲಿಗೆ ಸಿಕ್ಕಿತು ಎಂದರು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನನ್ನೂ ನೋಡಿದರು.

"ಆ ಬಾಗಿಲು ಶುಕ್ರವಾರ ಚೆನ್ನಾಗಿ ಆಡುತ್ತದೆ ಎಂದು ನರ್ಸ್‌ಗಳು ಹೇಳುತ್ತಿದ್ದರು" ಎಂದು ಪಟ್ಟಿ ಕಟ್ಟಲು ಶುರು ಮಾಡಿದರು.

ಸಿತ್ರಾದ ಬಸ್ಸಿನಲ್ಲಿ ಮಾತ್ರ ಗಂಡ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ. ಬಸ್ಸಿನವರು ಚೆಂಡು, ತಾರಸಿ, ಗ್ಲೌಸು ಯಾವುದನ್ನೂ ನಂಬಲಿಲ್ಲ. ಹೆಂಡತಿ ಹೊಡೆದಳು ಎಂಬಷ್ಟನ್ನು ಮಾತ್ರ ಇಟ್ಟುಕೊಂಡು, ಮುಂದಿನ ಸೀಟು ಬಿಟ್ಟುಕೊಟ್ಟರು.

ನನ್ನ ಮೊದಲ ಪಂದ್ಯ ಒಂದು ಹೋಟೆಲಿನ ಸಿಬ್ಬಂದಿಯ ತಂಡದ ಮೇಲೆ. ಈ ಆಟದಲ್ಲಿ ಪಿಚರ್ ನಾಲ್ಕು ತಪ್ಪು ಎಸೆತ ಹಾಕಿದರೆ ಎದುರಿನವಳು ಬ್ಯಾಟ್ ಬಿಸಾಡಿ ಸುಮ್ಮನೆ ಮೊದಲ ಬೇಸಿಗೆ ನಡೆದು ಹೋಗಬಹುದು. ಬೇಸ್ ಎಂದರೆ ರನ್ನಿಗಾಗಿ ಸುತ್ತುವಾಗ ಒಂದೊಂದಾಗಿ ಮುಟ್ಟಬೇಕಾದ ಮೂರು ನಿಲ್ದಾಣಗಳು. ಮೊದಲನೆಯವಳು ನಡೆದಳು. ಎರಡನೆಯವಳು ನಡೆದಳು. ಮೂರನೆಯವಳೂ ನಡೆದಾಗ ಮೂರು ಬೇಸುಗಳೂ ತುಂಬಿದವು. ನಾಲ್ಕನೆಯವಳು ನಡೆದಾಗ ಮುಂದಿನವರೆಲ್ಲ ಒಂದೊಂದು ಬೇಸ್ ಮುಂದೆ ಸರಿದು, ಮೊದಲನೆಯವಳು ಹೊರಟ ಜಾಗಕ್ಕೇ, ಎಂದರೆ 'ಮನೆ'ಗೆ, ತಲುಪಿ ಅವರಿಗೊಂದು ರನ್ ಬಂತು. ಯಾರೂ ಓಡಿರಲಿಲ್ಲ, ಯಾರೂ ಬೆವರಿರಲಿಲ್ಲ. ಸಂಜೆಯ ವಾಕಿಂಗಿಗೆ ಬಂದವರಂತೆ ಹೆಂಗಸರು ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಬೇಲಿಯ ಬಳಿಯಿಂದ ಗಂಡನ ಮಾತು ಕೇಳಿಸಿತು: "ವೈಡ್‌ನಾಗೇ ಮ್ಯಾಚ್ ಕೊಟ್ಟುಬಿಟ್ಲು." ಮಗಳು ಕಾರಿನೊಳಗೆ ಕೂತು ಗಾಜು ಏರಿಸಿಕೊಂಡಳು.

ಕ್ಯಾಪ್ಟನ್ ನಮ್ಮ ಕ್ಯಾಚರ್ ಕೂಡ ಹೌದು. ಮುಖವಾಡ ಮೇಲೆತ್ತಿಕೊಂಡು ನನ್ನ ಹತ್ತಿರ ಬಂದರು. ಬೈಗುಳಕ್ಕೆ ತಯಾರಾಗಿ ನಿಂತೆ.

"ಎದೆಯ ಎಕ್ಸ್‌ರೇ ತೆಗೆಯುವಾಗ ನೀನು ರೋಗಿಗೆ ಏನು ಹೇಳುತ್ತೀ?"

"ಉಸಿರು ಎಳಕೊಳ್ಳಿ, ಹಿಡೀರಿ, ಅಲ್ಲಾಡಬೇಡಿ ಅಂತ."

"ಇವತ್ತು ರೋಗಿ ನೀನು" ಎಂದು ಹೇಳಿ ವಾಪಸ್ ಹೋದರು.

ಉಸಿರು ಎಳೆದುಕೊಂಡೆ. ಹಿಡಿದೆ. ಎಲ್ಲವೂ ಒಂದು ಕ್ಷಣ ನಿಂತ ಹಾಗಾಯಿತು. ಬಿಟ್ಟೆ. ಐದನೆಯವಳು ಬ್ಯಾಟ್ ಬೀಸಿದಳು, ಚೆಂಡು ಅದರ ಕೆಳಗಿನಿಂದ ಜಾರಿ ಕ್ಯಾಪ್ಟನ್ನಿನ ಗ್ಲೌಸಿಗೆ ಹೋಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಆ ಪಂದ್ಯ ನಾವು ಭರ್ಜರಿಯಾಗಿಯೇ ಸೋತೆವು. ಆದರೆ ಆ ಒಬ್ಬಳು ಮೂರು ಬಾರಿ ಗಾಳಿಗೆ ಬೀಸಿ, ಬ್ಯಾಟಿಗೇನಾದರೂ ತೂತು ಬಿದ್ದಿದೆಯೇ ಎಂದು ನೋಡುತ್ತ ಹೋದದ್ದು ನನಗೆ ಮುಂದಿನ ಶುಕ್ರವಾರದವರೆಗೆ ಸಾಕಾಯಿತು.

ಆಮೇಲೆ ನಾವು ಗೆಲ್ಲಲು ಕಲಿತೆವು. ವೇಗ ನನ್ನಲ್ಲಿ ಎಂದೂ ಇರಲಿಲ್ಲ. ಬ್ಯಾಟ್ ಹಿಡಿದವಳಿಗೆ ನನ್ನ ಚೆಂಡು ಬರುವುದನ್ನು ನೋಡಿ, ಯೋಚಿಸಿ, ಆಸೆಪಟ್ಟು ಬೀಸುವಷ್ಟು ಸಮಯ ಸಿಗುತ್ತಿತ್ತು. ಆ ಆಸೆಯೇ ನನ್ನ ಬಂಡವಾಳ. ಹುಡುಗಿಯರು ನನ್ನನ್ನು 'ಆತೆ' ಎಂದು ಕರೆಯತೊಡಗಿದರು. ಅವರ ಭಾಷೆಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ಗಂಡನಿಗೆ ಅದು ಅತ್ತೆ ಎಂದೇ ಕೇಳಿಸಿತ್ತು. ಇಷ್ಟೊಂದು ಸೊಸೆಯಂದಿರನ್ನು ಯಾವಾಗ ತಂದುಕೊಂಡೆ ಎಂದು ಮೊದಲ ದಿನವೇ ವಿಚಾರಿಸಿದ್ದರು.

ಆ ಹೊತ್ತಿಗೆ ದಾವಣಗೆರೆಯಲ್ಲಿದ್ದ ನನ್ನ ನಿಜವಾದ ಅತ್ತೆಗೂ ಸುದ್ದಿ ಹೋಗಿತ್ತು. ವಿಡಿಯೊ ಕಾಲಿನಲ್ಲಿ ಮಗಳು ತನ್ನ ಅರ್ಧಂಬರ್ಧ ಕನ್ನಡದಲ್ಲಿ, "ಅಜ್ಜಿ, ಅಮ್ಮ ಈಗ ಪಿಚರ್" ಎಂದಿದ್ದಳು.

"ಪಿಚ್ಚರ್‌ನಾಗೆ ಸೇರ್ಯಾಳಾ?" ಅತ್ತೆ ಫೋನನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದರು. "ಈ ವಯಸ್ನಾಗೆ ಯಾವ ಪಾರ್ಟ್ ಕೊಟ್ರು? ತಾಯಿ ಪಾರ್ಟಾ?"

ಗಂಡ ಮಜಾ ನೋಡುತ್ತ ತಿದ್ದಲೇ ಇಲ್ಲ. ಮುಂದಿನ ಚಳಿಗಾಲದಲ್ಲಿ ವಿಸಿಟ್ ವೀಸಾದಲ್ಲಿ ಬಂದ ಅತ್ತೆ ವಿಮಾನ ನಿಲ್ದಾಣದಲ್ಲೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಶೂಟಿಂಗ್ ಎಲ್ಲಿಗೆ ಬಂತವ್ವ?" ಎಂದು ಕೇಳಿದರು. ಅಷ್ಟರಲ್ಲಿ ಅವರ ಬೀದಿಗೆಲ್ಲ ನಾನು ನಟಿಯಾಗಿದ್ದೆ. ಕಾರಿನಲ್ಲಿ ವಿಷಯ ಬಿಡಿಸಿ ಹೇಳಿದೆ. ನಿರಾಸೆ ಆಗಬಹುದೆಂದುಕೊಂಡಿದ್ದೆ.

"ಆಟಾನಾ? ಹಂಗಾದ್ರೆ ನೋಡ್ಲೇಬೇಕು" ಎಂದರು. ನನ್ನ ಅತ್ತೆ ಟೀವಿಯಲ್ಲಿ ಕ್ರಿಕೆಟ್ ನೋಡುವುದನ್ನು ವ್ರತದಂತೆ ಪಾಲಿಸುವವರು. ಅಂಪೈರಿಗೆ ತಪ್ಪು ತೋರಿಸಿಕೊಡದೆ ಅವರಿಗೆ ಊಟ ಸೇರುವುದಿಲ್ಲ.

ಅವರು ಬಂದ ವಾರವೇ ನಮ್ಮ ದೊಡ್ಡ ಪಂದ್ಯ, ಕಪ್ಪಿನ ಫೈನಲ್. ಎದುರಾಳಿಗಳು ಒಂದು ಇಂಟರ್‌ನ್ಯಾಷನಲ್ ಶಾಲೆಯ ಟೀಚರುಗಳು. ಅವರ ಪೈಕಿ ವ್ಯಾಯಾಮದ ಟೀಚರೊಬ್ಬಳಿದ್ದಳು, ದಕ್ಷಿಣ ಆಫ್ರಿಕದವಳು, ನನ್ನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಅವಳು ಹೊಡೆದ ಚೆಂಡನ್ನು ನಾವು ಸಾಮಾನ್ಯವಾಗಿ ಚಹಾದ ಅಂಗಡಿಯಲ್ಲಿ ಹುಡುಕುತ್ತಿದ್ದೆವು. ಅತ್ತೆ ಸ್ವೆಟರು ಹಾಕಿ, ಕಿವಿಗೆ ಮಫ್ಲರು ಸುತ್ತಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗನ ಪಕ್ಕ ಕೂತಿದ್ದರು.

ಪಂದ್ಯ ಕೊನೆಗೆ ಬಂದಾಗ ನಾವು ಒಂದೇ ಒಂದು ರನ್ ಮುಂದಿದ್ದೆವು. ಅವರ ಒಬ್ಬಳು ಮೂರನೇ ಬೇಸಿನಲ್ಲಿ ಕಾದಿದ್ದಳು. ಇನ್ನೊಬ್ಬಳು ಔಟಾದರೆ ಕಪ್ ನಮ್ಮದು. ಬ್ಯಾಟ್ ಹಿಡಿದು ಬಂದವಳು ಆ ವ್ಯಾಯಾಮದ ಟೀಚರು. ಎರಡು ಸ್ಟ್ರೈಕ್ ಹೇಗೋ ಆದವು. ನಮ್ಮ ಹುಡುಗಿಯರು ಚಪ್ಪಾಳೆ ತಟ್ಟುತ್ತ ಒಂದೇ ತಾಳದಲ್ಲಿ ಕೂಗತೊಡಗಿದರು: "ಆತೆ, ಆತೆ, ಆತೆ." ನಾನು ಉಸಿರು ಎಳೆದುಕೊಂಡೆ, ಹಿಡಿದೆ. ಅಷ್ಟರಲ್ಲಿ ಅಂಪೈರು ಎರಡೂ ಕೈ ಎತ್ತಿ ಆಟ ನಿಲ್ಲಿಸಿದರು.

ತಿರುಗಿ ನೋಡಿದರೆ ಅತ್ತೆ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಸುಣ್ಣದ ಗೆರೆ ದಾಟಿ, ನೇರ ಮೈದಾನದ ನಡುವೆ ನನ್ನತ್ತ ಬರುತ್ತಿದ್ದರು. ಗಂಡ ಹಿಂದಿನಿಂದ ಓಡಿ ಬಂದು, ಗೆರೆಯ ಬಳಿ ದಾಟಲೋ ಬೇಡವೋ ಎಂದು ನಿಂತುಬಿಟ್ಟಿದ್ದರು. ಅಂಪೈರು ಬಹ್ರೇನಿನವರೇ, ದೊಡ್ಡ ಮೈಕಟ್ಟಿನ ಸಾಧು ಮನುಷ್ಯ. "ಯುಮ್ಮಾ, ಯುಮ್ಮಾ" ಎಂದು ಅರಬ್ಬಿಯಲ್ಲಿ ಅಮ್ಮನನ್ನು ಕರೆಯುವ ಹಾಗೆ ಕರೆದು ಕೈ ಜೋಡಿಸಿದರು. ಅತ್ತೆ ಅವರಿಗೆ, ಬಂದೆನಪ್ಪಾ ಎಂದು ತಲೆಯಾಡಿಸಿ ನನ್ನ ಮುಂದೆ ನಿಂತರು.

"ಏನವ್ವ, ಆ ಹುಡುಗೀರು ಆಗ್ಲಿಂದ ಅತ್ತೆ ಅತ್ತೆ ಅಂತ ಒದರ್ತಿದಾವೆ, ನೀನು ಕಿವುಡಿ ಥರ ನಿಂತಿದೀಯಲ್ಲ. ಏನ್ ಬೇಕಂತೆ ಕೇಳಬಾರ್ದಾ?"

"ಅತ್ತೆ, ಅವರು ಕರೆಯುದು ನನ್ನನ್ನು."

"ನೀನು ಯಾರಿಗೆ ಅತ್ತೆ ಆದೆ?"

ನನಗೆ ನಗು ಹೊಟ್ಟೆಯ ತಳದಿಂದ ಎದ್ದು ಬರುತ್ತಿತ್ತು. ಆ ಹೊತ್ತಿಗೆ ಕ್ಯಾಪ್ಟನ್ನೂ ಬಂದರು. ನಾನು ಎರಡೂ ಭಾಷೆಯಲ್ಲಿ ತುಂಡು ತುಂಡಾಗಿ ವಿವರಿಸಿದೆ. ಕ್ಯಾಪ್ಟನ್ ಮುಖವಾಡ ತೆಗೆದು ನಗುತ್ತ ಅತ್ತೆಯ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಅದು ಅವರಲ್ಲಿ ಹಿರಿಯರಿಗೆ ನಮಸ್ಕಾರ. ಅತ್ತೆಗೆ ಅದು ಬಹಳ ಹಿಡಿಸಿತು. ಬಂದದ್ದು ಬಂದಾಗಿದೆ ಎಂಬಂತೆ, ಬ್ಯಾಟ್ ಹಿಡಿದು ನಿಂತಿದ್ದವಳನ್ನು ಕಣ್ಣು ಕಿರಿದಾಗಿಸಿ ನೋಡಿದರು.

"ಯಾರ್ಕರ್ ಹಾಕು" ಎಂದು ನನ್ನ ಕಿವಿಯಲ್ಲಿ ಹೇಳಿ, ನಿಧಾನವಾಗಿ ಕುರ್ಚಿಗೆ ಮರಳಿದರು.

ಆಟ ಮತ್ತೆ ಶುರುವಾಯಿತು. ನಾನು ಉಸಿರು ಹಿಡಿಯಲು ನೋಡಿದೆ, ನಗು ಬಿಡಲಿಲ್ಲ. ಭುಜ ಕುಣಿಯುತ್ತಿದ್ದಾಗಲೇ ಕೈ ಬೀಸಿದೆ. ಚೆಂಡು ಜಾರಲೂ ಇಲ್ಲ, ತಿರುಗಲೂ ಇಲ್ಲ. ಅಂಗಡಿಗೆ ಹೊರಟ ಮಗುವಿನ ಹಾಗೆ ಅಡ್ಡಾದಿಡ್ಡಿ ನಡೆದು ಹೋಯಿತು. ಇಷ್ಟು ಕೆಟ್ಟ ಎಸೆತವನ್ನು ಆ ಟೀಚರು ನಿರೀಕ್ಷಿಸಿರಲಿಲ್ಲ. ಅವಳು ಮೊದಲೇ ಬೀಸಿಬಿಟ್ಟಳು. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ನೆಟ್ಟಗೆ ಮೇಲಕ್ಕೆ ಹೋಯಿತು. ಎಲ್ಲರೂ ತಲೆಯೆತ್ತಿದರು. ಸಂಜೆಯ ತಿಳಿ ಆಕಾಶದಲ್ಲಿ ಅದು ಚುಕ್ಕಿಯಾಗಿ, ಮತ್ತೆ ದೊಡ್ಡದಾಗಿ, ನನ್ನ ನೆತ್ತಿಗೇ ಇಳಿಯತೊಡಗಿತು. ಓಡಲು ಜಾಗವಿರಲಿಲ್ಲ, ಬುದ್ಧಿಯೂ ಇರಲಿಲ್ಲ. ಎರಡೂ ಕೈ ಚಾಚಿದೆ. ಗ್ಲೌಸಿಗೆ ಬಿದ್ದು, ಪುಟಿದು, ಎದೆಗೆ ಬಡಿಯಿತು. ಕೂಸನ್ನು ಅಪ್ಪಿದ ಹಾಗೆ ಅಪ್ಪಿಕೊಂಡು ಹಾಗೇ ಜಲ್ಲಿಯ ಮೇಲೆ ಕೂತುಬಿಟ್ಟೆ. ಔಟು.

ಹುಡುಗಿಯರು ಬಂದು ನನ್ನ ಮೇಲೆ ಬಿದ್ದರು. ಕಾರಿನಿಂದ ಇಳಿದು ಬಂದ ಮಗಳು ಆ ರಾಶಿಯ ಫೋಟೊ ತೆಗೆದಳು, ಅದನ್ನು ಗೆಳತಿಯರಿಗೂ ಕಳಿಸಿದಳು. ಅತ್ತೆ ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಯಾರ್ಕರ್ ಹಾಕು ಅಂದ್ರೆ ಫುಲ್‌ಟಾಸ್ ಹಾಕಿದೆ" ಎಂದರು ನಾನು ಹತ್ತಿರ ಹೋದಾಗ. "ಪುಣ್ಯಕ್ಕೆ ಅವಳಿಗೆ ಹೊಡೆಯೋಕೆ ಬರಲ್ಲ."

ವೀಸಾ ಮುಗಿಯುವವರೆಗೆ ಅವರು ಪ್ರತಿ ಶುಕ್ರವಾರ ಬಂದರು, ಡಬ್ಬಿ ತುಂಬ ಖಾರ ಮಂಡಕ್ಕಿ ತಂದರು. ನಮ್ಮ ಹುಡುಗಿಯರು ಅದಕ್ಕೆ ವಿನೆಗರ್ ಹಾಕಿಕೊಂಡು ತಿನ್ನುವುದನ್ನು ಬೇಸರದಿಂದ ನೋಡಿದರೂ, ಡಬ್ಬಿಯನ್ನು ಅವರತ್ತಲೇ ಸರಿಸುತ್ತಿದ್ದರು.

ಅದಾದ ಮೇಲಿನ ಬೇಸಿಗೆಯಲ್ಲಿ ನನ್ನ ಬಲ ಭುಜ ನೋಯತೊಡಗಿತು. ಮೇಲಿನ ಶೆಲ್ಫಿನ ಡಬ್ಬ ತೆಗೆಯಲು ಕೈ ಏಳುತ್ತಿರಲಿಲ್ಲ. ಈಜಿಪ್ಟಿನ ಡಾಕ್ಟರು ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿ, ಎಸೆಯುವುದು ಖಲಾಸ್ ಎಂದರು. ಅದೇ ಹೊತ್ತಿಗೆ ಆಸ್ಪತ್ರೆಗೆ ಹೊಸ ನರ್ಸ್ ಒಬ್ಬಳು ಬಂದಳು, ಕಾಲೇಜಿನಲ್ಲಿ ಆಡಿದವಳು. ಅವಳ ಕೈ ಗಿರಗಟ್ಟೆಯಂತೆ ತಿರುಗಿದರೆ ಕೈಯೇ ಕಾಣಿಸುವುದಿಲ್ಲ, ಕ್ಯಾಪ್ಟನ್ನಿನ ಗ್ಲೌಸಿನ ಸದ್ದು ಮಾತ್ರ ಕೇಳಿಸುತ್ತದೆ. ಕ್ಯಾಪ್ಟನ್ ನನ್ನನ್ನು ಮೊದಲ ಬೇಸಿಗೆ ಕಳಿಸಿದರು. ಅಲ್ಲಿ ಬೇರೆಯವರು ಎಸೆದದ್ದನ್ನು ಹಿಡಿದರೆ ಸಾಕು.

ಅವಳು ಎಸೆದ ಮೊದಲ ಪಂದ್ಯದಲ್ಲಿ ನನ್ನ ಮನಸ್ಸು ಅಷ್ಟೊಂದು ದೊಡ್ಡದಾಗಿರಲಿಲ್ಲ. ಒಂದೆರಡಾದರೂ ಹಾಳು ಎಸೆತ ಹಾಕಲಿ ಎಂದು ಕಾದೆ. ಹಾಕಲಿಲ್ಲ. ಎದುರಿನವರು ಒಬ್ಬರ ಹಿಂದೆ ಒಬ್ಬರು ಬ್ಯಾಟ್ ಎಳೆದುಕೊಂಡು ಹಿಂದಿರುಗಿದರು. ಮೊದಲ ಬೇಸಿಗೆ ಯಾರೂ ಬರಲೇ ಇಲ್ಲ. ನಾನು ಅಲ್ಲಿ ಬಸ್ಸಿಗೆ ಕಾಯುವವಳ ಹಾಗೆ ನಿಂತಿದ್ದೆ.

ಪಂದ್ಯ ಮುಗಿದ ಮೇಲೆ ಅವಳೇ ಚೆಂಡು ಹಿಡಿದುಕೊಂಡು ನನ್ನ ಬಳಿ ಬಂದಳು. "ಆತೆ, ಕೆಳಗೆ ಜಾರುವ ಆ ಚೆಂಡನ್ನು ನನಗೂ ಹೇಳಿಕೊಡಿ. ಎಲ್ಲರೂ ಅದರ ಬಗ್ಗೆಯೇ ಹೇಳುತ್ತಾರೆ."

ನನಗೇ ಗೊತ್ತಿಲ್ಲದ್ದನ್ನು ಹೇಗೆ ಕಲಿಸುವುದು? ಅವಳ ಮಣಿಕಟ್ಟು ಹಿಡಿದು ತಿರುಗಿಸಿದೆ, ಬೆರಳುಗಳನ್ನು ಹೊಲಿಗೆಯ ಮೇಲೆ ಕೂರಿಸಿದೆ, ಸರಿಯಿಲ್ಲ ಎಂದು ಮತ್ತೆ ತೆಗೆದೆ. ನೋಯುವ ಕೈಯಿಂದ ನಿಧಾನವಾಗಿ ಒಂದೆರಡು ಎಸೆದು ತೋರಿಸಿದೆ. ಅವಳು ನನ್ನ ಮುಖ ನೋಡಲಿಲ್ಲ, ಬೆರಳುಗಳನ್ನೇ ನೋಡುತ್ತಿದ್ದಳು. ಮುಸ್ಸಂಜೆ ಮಗ್ರಿಬ್ ನಮಾಜಿನ ಬಾಂಗ್ ಕೂಗುವ ಹೊತ್ತಿಗೆ ಅವಳ ಒಂದು ಚೆಂಡು, ಒಂದೇ ಒಂದು, ಕೊನೆಯಲ್ಲಿ ಸ್ವಲ್ಪ ತಲೆತಗ್ಗಿಸಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮುಂದಿನ ಪಂದ್ಯದಲ್ಲಿ ಅವಳು ಅದನ್ನು ಎರಡು ಸಲ ಪ್ರಯತ್ನಿಸಿದಳು. ಮೊದಲನೆಯದು ನೆಲಕ್ಕೆ ಬಡಿದು ಮಣ್ಣು ಎಬ್ಬಿಸಿತು. ಎರಡನೆಯದಕ್ಕೆ ಎದುರಿನವಳು ಇಡೀ ಮೈ ತಿರುಗಿಸಿ ಗಾಳಿಗೆ ಬೀಸಿ, ಮಂಡಿಯ ಮೇಲೆ ಕೂತುಬಿಟ್ಟಳು. ನಾನು ಮೊದಲ ಬೇಸಿನಿಂದ ಕೂಗುತ್ತ ಮೈದಾನದ ನಡುವಿನವರೆಗೂ ಓಡಿ ಹೋಗಿದ್ದೆ. ಇನ್ನೂ ಆಟ ಮುಗಿದಿಲ್ಲ, ಜಾಗಕ್ಕೆ ಹೋಗು ಎಂದು ಕ್ಯಾಪ್ಟನ್ ಎಲ್ಲರೆದುರು ಬೈದರು.